ದೂರದ ಪೇಟೆ, ಹತ್ತಿರದ ಹೊಳೆ
(ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಯುವಜನರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಹೊರಗುತ್ತಿಗೆ ಮತ್ತು ಆನ್‌ಲೈನ್ ವ್ಯಾಪಾರದ ಮಾತೇಕೆ ಎಂಬ ಪ್ರಶ್ನೆ ಸಹಜ. ಘಟ್ಟದ ಕೆಳಗಿನ ಈ ಮೂರು ತಾಲ್ಲೂಕುಗಳಲ್ಲಿ ಹೊಳೆಯನ್ನೋ ಕಾಡನ್ನೋ ಉಳಿಸುವ ಹೋರಾಟ ನಡೆದಾಗಲೆಲ್ಲ ಎದುರಾಗುವ ಸವಾಲು ಒಂದೇ: ‘ಸ್ಥಾವರ ಬೇಡ, ಬಂದರು ಬೇಡ, ಅಣೆಕಟ್ಟು ಬೇಡ, ಹಾಗಾದರೆ ಹುಡುಗರಿಗೆ ಕೆಲಸ ಎಲ್ಲಿ?’ ತದಡಿಯ ಉಷ್ಣವಿದ್ಯುತ್ ಪ್ರಸ್ತಾಪದ ಕಾಲದಲ್ಲಿಯೂ ಕಾಸರಕೋಡು ಟೊಂಕದ ಬಂದರು ವಿವಾದದಲ್ಲಿಯೂ ಕೇಳಿಬಂದದ್ದು ಇದೇ ಪ್ರಶ್ನೆ. ಇದಕ್ಕೆ ಉತ್ತರ ಹೇಳದೆ ಹೊಳೆಯನ್ನು ಉಳಿಸಲಾಗದು. ಏಕೆಂದರೆ ಮಕ್ಕಳೆಲ್ಲ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಊರಿನಲ್ಲಿ ಹೊಳೆಯ ಪರವಾಗಿ ನಿಲ್ಲುವವರಾದರೂ ಯಾರು?

ಈಚಿನ ವರ್ಷಗಳಲ್ಲಿ ಹೊಸ ಉತ್ತರವೊಂದು ಕೇಳಿಬರುತ್ತಿದೆ. ಅಂತರ್ಜಾಲವಿದೆ, ಮನೆಯಲ್ಲಿಯೇ ಕುಳಿತು ಅಮೆರಿಕದ ಕೆಲಸ ಮಾಡಬಹುದು, ಹಪ್ಪಳ, ಉಪ್ಪಿನಕಾಯಿಗಳನ್ನು ದೇಶವಿಡೀ ಮಾರಬಹುದು, ಹೊಗೆಯಿಲ್ಲ, ಕೊಳಚೆಯಿಲ್ಲ. ಈ ಉತ್ತರದಲ್ಲಿ ಸತ್ಯವಿದೆ. ಆದರೆ ಎಷ್ಟು ಸತ್ಯವಿದೆ ಎಂಬುದನ್ನು ತೂಗಿ ನೋಡಬೇಕಾಗಿದೆ.

ದೂರದ ಪೇಟೆ ಕರಾವಳಿಗೆ ಹೊಸದಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು 16ನೇ ಶತಮಾನದ ಮಾತು. ಕುಮಟಾದ ಕಥೆ ಇನ್ನೂ ಹತ್ತಿರದ್ದು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ ಸಾಗುತ್ತಿತ್ತು. ಕುಮಟಾದಲ್ಲಿ ಬೆಳೆಯದ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ಬಯಲುಸೀಮೆಯಿಂದ ಮುರ್ಮಗೋವಾ ಬಂದರಿಗೆ ರೈಲುಮಾರ್ಗ ಕೂಡಿದ ಮೇಲೆ ಹತ್ತಿಯ ಹಾದಿಯೇ ಬದಲಾಯಿತು. ಕುಮಟಾದ ಹಮಾಲಿ, ಗಾಡಿಯವ, ದೋಣಿಯವ ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರ ಅನ್ನದ ತೀರ್ಮಾನ ಅವರು ಕಾಣದ ಊರಿನಲ್ಲಿ ನಡೆದಿತ್ತು.

ಎರಡನೆಯ ಪಾಠ ಕಾಡಿನದು. ಉಪ್ಪಾಗೆ ಈ ಸೀಮೆಯ ಮನೆಮನೆಗೆ ಪರಿಚಿತ ಮರ. ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. 1990ರ ದಶಕದಲ್ಲಿ ಉಪ್ಪಾಗೆಯ ಆಮ್ಲದಿಂದ ಬೊಜ್ಜು ಕರಗುತ್ತದೆ ಎಂಬ ಪ್ರಚಾರ ಪಶ್ಚಿಮ ದೇಶಗಳಲ್ಲಿ ಹಬ್ಬಿತು. ಸಿಪ್ಪೆಯ ಬೆಲೆ ಏರಿದ್ದೇ ತಡ, ಕಾಡಿನಲ್ಲಿ ಪೈಪೋಟಿ ಆರಂಭವಾಯಿತು. ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟರು. ಸಿಂಗಳೀಕಕ್ಕೂ ಮಂಗಟ್ಟೆಗೂ ನೆಲೆಯಾದ ಕಾಡು ಅದರ ಬೆಲೆ ತೆತ್ತಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು, ಉಪ್ಪಾಗೆಯ ಸಾರ ಸೇವಿಸಿದವರ ತೂಕ ಸೇವಿಸದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ ಎಂದು ತೋರಿಸಿತು. ಕಡಿದ ಕೊಂಬೆ ಮಾತ್ರ ಮರಳಿ ಅಂಟಲಿಲ್ಲ.

ಇನ್ನು ಇಂದಿನ ಹೊರಗುತ್ತಿಗೆಯ ವಿಚಾರ. ಹಳ್ಳಿಗೆ ಕಂಪ್ಯೂಟರ್ ಕೆಲಸ ತರುವ ಪ್ರಯತ್ನ ಕರ್ನಾಟಕದಲ್ಲಿ ಬಹು ಹಿಂದೆಯೇ ನಡೆದಿದೆ. 2008ರಲ್ಲಿ ಆರಂಭವಾದ ರೂರಲ್‌ಶೋರ್ಸ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಬಿಪಿಒ ಕೇಂದ್ರವನ್ನು ತೆರೆದದ್ದು ಬಾಗೇಪಲ್ಲಿಯಲ್ಲಿ. ಬ್ಯಾಂಕು, ವಿಮಾ ಕಂಪನಿಗಳ ಅರ್ಜಿಗಳನ್ನು ಗಣಕಕ್ಕೆ ಏರಿಸುವ ಕೆಲಸ ಊರ ಯುವಕ ಯುವತಿಯರಿಗೆ ಸಿಕ್ಕಿತು. ಊರಿನಲ್ಲಿ ಬಾಡಿಗೆ ಕಡಿಮೆ, ಕೆಲಸ ಬಿಟ್ಟು ಹೋಗುವವರೂ ಕಡಿಮೆ ಎಂಬುದು ಕಂಪನಿಗಳ ಲೆಕ್ಕ. ಮನೆಯ ಊಟ ಮಾಡಿ ಸಂಬಳ ಪಡೆಯಬಹುದು ಎಂಬುದು ಹುಡುಗಿಯರ ಲೆಕ್ಕ. ಎರಡೂ ಲೆಕ್ಕಗಳು ಕೂಡಿದ ಕಡೆ ಇಂತಹ ಕೆಲಸ ನಡೆಯಿತು. ಆದರೆ ಅರ್ಜಿ ತುಂಬುವ, ಧ್ವನಿ ಕೇಳಿ ಟೈಪ್ ಮಾಡುವ ಕೆಲಸಗಳನ್ನು ಈಗ ಯಂತ್ರಬುದ್ಧಿಯೇ ಬಹುಮಟ್ಟಿಗೆ ಮಾಡುತ್ತಿದೆ. ಕೇವಲ ಬೆರಳಿನ ವೇಗವನ್ನು ನಂಬಿದ ಉದ್ಯೋಗಕ್ಕೆ ಹತ್ತಿಯ ಗತಿಯೇ ಕಾದಿದೆ.

2020ರ ಮಾರ್ಚಿನ ಲಾಕ್‌ಡೌನ್ ಇನ್ನೊಂದು ಸತ್ಯವನ್ನು ತೋರಿಸಿತು. ನಗರದಿಂದ ಮರಳಿದ ಸಾವಿರಾರು ಮಂದಿ ಮನೆಯ ಜಗುಲಿಯನ್ನೇ ಕಚೇರಿ ಮಾಡಿಕೊಂಡರು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆಗಳಲ್ಲಿ ಒಲೆ ಉರಿಯಿತು. ಅದೇ ಕಾಲದಲ್ಲಿ ಜಿಲ್ಲೆಯ ಹುಡುಗರು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತದ್ದೂ ನಿಜ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬಾರದು. ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಆದರೆ ಗೋಪುರ ನಿಂತರೆ ಸಾಲದು. ಅದಕ್ಕೆ ಬ್ಯಾಟರಿ ಬೇಕು, ಕೆಟ್ಟಾಗ ಸರಿಪಡಿಸುವವರು ಬೇಕು. ಪಂಚಾಯತಿಯ ಗ್ರಾಮಸಭೆಯಲ್ಲಿ ರಸ್ತೆ, ನೀರುಗಳ ಜೊತೆಗೆ ಇದನ್ನೂ ಕೇಳುವ ಅಭ್ಯಾಸ ಬೆಳೆಯಬೇಕು.

ಒಬ್ಬಂಟಿಯಾಗಿ ಫ್ರೀಲ್ಯಾನ್ಸ್ ಕೆಲಸ ಮಾಡುವವರ ಕಷ್ಟ ಬೇರೆ. ಅವರಿಗೆ ಪಿಎಫ್ ಇಲ್ಲ, ರಜೆ ಇಲ್ಲ, ಹೆರಿಗೆ ಸೌಲಭ್ಯ ಇಲ್ಲ. ಕೆಲಸ ಒಪ್ಪಿಸಿದ ಮೇಲೆ ಹಣಕ್ಕಾಗಿ ಕಾಯುವುದೇ ಇನ್ನೊಂದು ಕೆಲಸ. ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ ಗಿಗ್ ಕಾರ್ಮಿಕರು 77 ಲಕ್ಷ. 2029–30ಕ್ಕೆ ಅವರು 2.35 ಕೋಟಿ ಆಗುವರು. ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಮಾಡಿತು. ಅದರಂತೆ ಪ್ರತಿ ವಹಿವಾಟಿನಲ್ಲಿ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶವಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಹೊನ್ನಾವರದ ಮನೆಯಲ್ಲಿ ಕುಳಿತು ವಿದೇಶದ ಗಿರಾಕಿಗೆ ನೇರವಾಗಿ ಚಿತ್ರ ಬರೆದುಕೊಡುವ ಹುಡುಗಿಗೆ ಈ ಕೊಡೆಯ ನೆರಳು ತಲುಪುವುದಿಲ್ಲ.

ಆದರೂ ಕೈಯಲ್ಲಿರುವ ಕಾನೂನುಗಳನ್ನು ಬಳಸದೆ ಬಿಡಬಾರದು. 2006ರ ಎಂಎಸ್‌ಎಂಇ ಕಾಯಿದೆಯಂತೆ, ನೋಂದಾಯಿತ ಸಣ್ಣ ಉದ್ಯಮಿಗೆ ಭಾರತದ ಖರೀದಿದಾರ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಮಧ್ಯವರ್ತಿಗೆ ದುಡ್ಡು ಕೊಟ್ಟು ಮಾಡಿಸುವ ಅಗತ್ಯವಿಲ್ಲ. ‘ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಮನೆಯಲ್ಲಿಯೇ ಟೈಪಿಂಗ್ ಕೆಲಸ’ ಎನ್ನುವ ಜಾಹೀರಾತುಗಳನ್ನಂತೂ ನಂಬಲೇಬಾರದು. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳುವುದಿಲ್ಲ.

ಆನ್‌ಲೈನ್ ಮಾರಾಟಕ್ಕೂ ಇದೇ ಮಾತು. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಭಟ್ಕಳದ ಮಲ್ಲಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು: ಇವೆಲ್ಲ ಈ ಮಣ್ಣಿಗೇ ಸೇರಿದವು. ಹಿಂದೆ ಆನ್‌ಲೈನ್ ವೇದಿಕೆಯಲ್ಲಿ ಸರಕು ಮಾರುವ ಎಷ್ಟೇ ಚಿಕ್ಕ ವ್ಯಾಪಾರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವವರು ರಾಜ್ಯದೊಳಗೆ ಮಾರುವುದಾದರೆ ಪೂರ್ಣ ನೋಂದಣಿಯಿಲ್ಲದೆ, ಬರಿಯ ದಾಖಲಾತಿ ಸಂಖ್ಯೆ ಪಡೆದು ವೇದಿಕೆಗಳ ಮೂಲಕ ಮಾರಬಹುದಾಗಿದೆ. ತಿನಿಸುಗಳಿಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಮಹಿಳಾ ಸಂಘಗಳು ಒಟ್ಟಾಗಿ ಒಂದೇ ಹೆಸರಿನಲ್ಲಿ ಮಾರಿದರೆ ಪ್ಯಾಕಿಂಗ್, ಸಾಗಣೆಗಳ ಖರ್ಚು ಹಂಚಿಹೋಗುತ್ತದೆ. ಆದರೆ ಉಪ್ಪಾಗೆಯ ಪಾಠವನ್ನು ಮರೆಯಬಾರದು. ಅಪ್ಪೆಮಿಡಿಗೆ ಬೇಡಿಕೆ ಬಂತೆಂದು ಹೊಳೆದಂಡೆಯ ಮರದ ಕೊಂಬೆ ಕಡಿದರೆ ಎರಡನೆಯ ವರ್ಷ ಮಾರಲು ಏನೂ ಉಳಿಯದು. ಎಷ್ಟು ಕೊಯ್ಯಬಹುದು ಎಂಬುದನ್ನು ಮರ ಹೇಳಬೇಕು, ಗಿರಾಕಿ ಹೇಳಬಾರದು.

ಇನ್ನೊಂದು ಭ್ರಮೆ ಕಳಚಬೇಕು. ಅಂತರ್ಜಾಲಕ್ಕೆ ಹೊಗೆಯಿಲ್ಲ ಎಂಬುದು ಅರ್ಧಸತ್ಯ. ಹೊಗೆ ಬೇರೆ ಕಡೆ ಇದೆ, ಅಷ್ಟೆ. ಸರ್ವರುಗಳನ್ನು ತುಂಬಿದ ಬೃಹತ್ ಕಟ್ಟಡಗಳು ಹಗಲಿರುಳೂ ವಿದ್ಯುತ್ ಬೇಡುತ್ತವೆ, ತಂಪಾಗಿರಲು ಬಹಳಷ್ಟು ಕಡೆ ನೀರನ್ನೂ ಬೇಡುತ್ತವೆ. ನಗರದ ವಿದ್ಯುತ್ ಹಸಿವು ಏರಿದಾಗ ಎಲ್ಲರ ಕಣ್ಣು ಬೀಳುವುದು ಶರಾವತಿಯ ಮೇಲೆ. 1964ರ ಲಿಂಗನಮಕ್ಕಿಯ ಮುಳುಗಡೆಯ ನೆನಪು ಇನ್ನೂ ಮಾಸಿಲ್ಲ. ಆಮೇಲೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಯೋಜನೆ ಬಂತು. ಈಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಮೇಲೆತ್ತಿ ಇಳಿಸುವ 2000 ಮೆಗಾವಾಟಿನ ಭೂಗತ ಯೋಜನೆಯ ಪ್ರಸ್ತಾಪ ಸಿಂಗಳೀಕದ ಅಭಯಾರಣ್ಯದ ನಡುವೆಯೇ ಬಂದಿದೆ. ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು ಇಳಿಯುವಾಗ ಸಿಗುವುದಕ್ಕಿಂತ ಹೆಚ್ಚು. ಆದ್ದರಿಂದ ಮನೆಯ ಚಾವಣಿಯ ಸೌರಫಲಕದಿಂದ ಗಣಕ ನಡೆಸುವುದು ಕರೆಂಟು ಹೋದಾಗಿನ ಉಪಾಯ ಮಾತ್ರವಲ್ಲ. ಹೊಳೆಯ ಮೇಲಿನ ಭಾರ ಕಡಿಮೆ ಮಾಡುವ ಕ್ರಮವೂ ಹೌದು.

ಕೊನೆಯದಾಗಿ ಆಶಾದಾಯಕವಾದ ಒಂದು ಉದಾಹರಣೆ. 2021ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ಹಳ್ಳಿಗರಿಂದ ಕನ್ನಡದ ಮಾತುಗಳನ್ನು ಮೊಬೈಲಿನಲ್ಲಿ ಓದಿಸಿ, ಯಂತ್ರಕ್ಕೆ ಭಾಷೆ ಕಲಿಸುವ ದತ್ತಾಂಶವಾಗಿ ಮಾರುತ್ತದೆ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಮಹಿಳೆಯರು ಇದರಲ್ಲಿ ದುಡಿದಿದ್ದಾರೆ. ಗಂಟೆಗೆ ಸುಮಾರು 5 ಡಾಲರು ಕೂಲಿ ನೀಡುವುದಷ್ಟೇ ಅಲ್ಲ, ಅದೇ ದತ್ತಾಂಶ ಮತ್ತೆ ಮಾರಾಟವಾದರೆ ದನಿ ಕೊಟ್ಟವರಿಗೆ ಪಾಲು ಸಲ್ಲಬೇಕು ಎಂಬುದು ಆ ಸಂಸ್ಥೆಯ ನಿಯಮ. 2002ರ ಜೀವವೈವಿಧ್ಯ ಕಾಯಿದೆ ಹೇಳುವುದೂ ಇದನ್ನೇ: ಊರಿನ ಸಸ್ಯ, ಊರಿನ ಅರಿವು ಬಳಸಿ ಲಾಭ ಮಾಡುವವನು ಊರಿಗೆ ಪಾಲು ಕೊಡಬೇಕು. ಕಗ್ಗ ಭತ್ತದ ಬೀಜ ಗಜನಿ ರೈತನ ಆಸ್ತಿಯಾಗಿರುವಂತೆ, ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ ನುಡಿಗಳೂ ಅವುಗಳನ್ನಾಡುವವರ ಆಸ್ತಿ. ಅವನ್ನು ಪುಕ್ಕಟೆಯಾಗಿ ಬಿಟ್ಟುಕೊಡುವ ಮೊದಲು ಊರು ಯೋಚಿಸಬೇಕು.

ಬಂಧುಗಳೇ, ದೂರದ ಪೇಟೆಯನ್ನು ಬೇಡವೆನ್ನುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಅದರ ಜೊತೆ ವ್ಯವಹರಿಸುವಾಗ ಮೂರು ಮಾತುಗಳು ನೆನಪಿರಲಿ. ಒಂದೇ ಗಿರಾಕಿಯನ್ನು, ಒಂದೇ ವೇದಿಕೆಯನ್ನು ನಂಬಿ ಗದ್ದೆ ತೋಟಗಳನ್ನು ಬಿಡಬಾರದು. ಒಬ್ಬೊಬ್ಬರಾಗಿ ದರ ಕಡಿಮೆ ಮಾಡಿ ಪೈಪೋಟಿ ನಡೆಸುವ ಬದಲು, ಮೀನುಗಾರರೂ ಹಾಲು ಉತ್ಪಾದಕರೂ ಸಂಘ ಕಟ್ಟಿಕೊಂಡಂತೆ ಸಂಘಟಿತರಾಗಬೇಕು. ಗಳಿಕೆಯ ಒಂದು ಭಾಗ ಊರ ಕೆರೆ, ಬೆಟ್ಟ, ಹೊಳೆಗಳಿಗೆ ಮರಳಬೇಕು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಹೆಕ್ಕುವ ಹೆಂಗಸಿಗೂ ದಂಡೆಯ ಮನೆಯಲ್ಲಿ ಗಣಕದ ಮುಂದೆ ಕುಳಿತ ಆಕೆಯ ಮಗಳಿಗೂ ಅದೇ ಹೊಳೆ ಅನ್ನದ ಮೂಲ. ಅಂತರ್ಜಾಲ ಮಗಳನ್ನು ಊರಿನಲ್ಲಿ ಉಳಿಸೀತು. ಊರನ್ನು ಉಳಿಸುವ ಕೆಲಸ ಮಾತ್ರ ಆಕೆಯದೇ.