ಚಳಿಯಿಲ್ಲದ ಚಳಿಗಾಲ



ಗೊರವನಹಳ್ಳಿಯ ಕಡೆ ಹಿಮ ಬೀಳುವುದಿಲ್ಲ. ಒಣ ಗಾಳಿ, ಬೆಳಗಿನ ಇಬ್ಬನಿ, ಕಣದ ಪಕ್ಕ ರಾಗಿ ಮೆದೆ, ಇವೇ ನಮ್ಮ ಚಳಿಗಾಲ. 2021ರ ನವೆಂಬರ್‌ನಲ್ಲಿ ಚಳಿಯೇ ಹತ್ತಿರ ಸುಳಿಯಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇಲ್ಲಿ ದಿನಗಟ್ಟಲೆ ಮಳೆ. ರಾತ್ರಿ ಬೆಚ್ಚಗಿದ್ದುದೇಕೆ ಎಂದು ಕೇಳುತ್ತೀರಿ. ನೆಲದ ಶಾಖ ರಾತ್ರಿ ಆಕಾಶಕ್ಕೆ ಹೋಗುತ್ತದೆ, ಮೋಡ ಕವಿದರೆ ಅದು ಕಂಬಳಿಯಂತೆ ತಡೆಯುತ್ತದೆ.

ಬರಕ್ಕೆ ಹೆಸರಾದ ಮಧುಗಿರಿ, ಪಾವಗಡ, ಶಿರಾ ಸೀಮೆಯವರು ಮಳೆಯನ್ನು ದೂರುವುದುಂಟೇ? ಕೆರೆಗಳಿಗೆ ನೀರು ಬಂತು, ಅಲ್ಹಮ್ದುಲಿಲ್ಲಾಹ್. ಆದರೆ ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿತು, ತೆನೆಯಲ್ಲೇ ಮೊಳೆಯಿತು, ಹುಲ್ಲು ಕಪ್ಪಾಯಿತು. ಪ್ರವಾದಿಯವರು (ಸ) ಬರದಲ್ಲಿ ಮಳೆಗಾಗಿ ಪ್ರಾರ್ಥಿಸಿದ್ದರು. ವಾರವಿಡೀ ಸುರಿದು ಮನೆಗಳು ಕುಸಿದಾಗ, ಮಳೆ ನಮ್ಮ ಮೇಲೆ ಬೇಡ, ಸುತ್ತಲ ಬೆಟ್ಟ ಕಣಿವೆಗಳಲ್ಲಿ ಬೀಳಲಿ ಎಂದೂ ಬೇಡಿದರು.

ರಾಗಿ ಹೋದ ಮನೆಯಲ್ಲಿ ಮೊದಲು ನಿಲ್ಲುವುದು ಮಕ್ಕಳ ಫೀಸು, ಅದರಲ್ಲೂ ಹೆಣ್ಣುಮಕ್ಕಳದು. ಅಂಥವರು ತಾವಾಗಿ ಕೈ ಚಾಚುವುದಿಲ್ಲ. ಸದಸ್ಯರೇ, ಕೊಯ್ಲಿನಲ್ಲಿ ಮಳೆ ಹಿಡಿದ ವರ್ಷ ಅರ್ಜಿಗಾಗಿ ಕಾಯದೆ ಮನೆಗೆ ಹೋಗಿ ವಿಚಾರಿಸಿ. ವಿದ್ಯಾರ್ಥಿಗಳೇ, ಯಾವ ಸಹಪಾಠಿ ತರಗತಿಗೆ ಬರುತ್ತಿಲ್ಲವೆಂದು ನಿಮಗೇ ಮೊದಲು ಗೊತ್ತಾಗುತ್ತದೆ. ಸಂಕೋಚಪಡದೆ ಬಂದು ತಿಳಿಸಿ.