ಬೆಳಗಾವಿಗೆ ಬರುವವರಿಗೆ ಎರಡು ಮಾತು

ಬೆಳಗಾವಿಗೆ ಯಾವಾಗ ಬಂದರೆ ಒಳ್ಳೆಯದು ಎಂದು ಪರಸ್ಥಳದ ನೆಂಟರಿಷ್ಟರು ಮೇಲಿಂದ ಮೇಲೆ ಕೇಳುವುದುಂಟು. ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ವಿಜಯಪುರದ ಬಿಸಿಲಿನಲ್ಲಿ ಬೆಂದು ಬಂದವರಿಗೆ ಇಲ್ಲಿಯ ಏಪ್ರಿಲ್ ತಿಂಗಳೂ ತಂಪೆನಿಸುತ್ತದೆ. ಕಾರವಾರದಿಂದ ಬಂದವರಿಗೆ ಇಲ್ಲಿಯ ಡಿಸೆಂಬರಿನ ಬೆಳಗು ಹಲ್ಲು ಕಟಕಟಿಸುವಂತೆ ಮಾಡುತ್ತದೆ. ಊರು ಉಷ್ಣವಲಯದಲ್ಲಿದ್ದರೂ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವುದರಿಂದ ಹೀಗೆ. ಆದ್ದರಿಂದ ತಿಂಗಳನ್ನು ಹೇಳುವ ಬದಲು, ಬಂದವರು ತಿಳಿದುಕೊಂಡಿರಬೇಕಾದ ಕೆಲವು ಸಂಗತಿಗಳನ್ನು ಹೇಳುವುದೇ ಹೆಚ್ಚು ಉಪಯುಕ್ತವೆಂದು ಭಾವಿಸುತ್ತೇನೆ.

ಮೊದಲನೆಯ ಸಂಗತಿ ಊರಿನ ನೆಲೆ. ಮಲ್ಲಾಡದ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಜಾಗದಲ್ಲಿ ಬೆಳಗಾವಿ ಇದೆ. ಮೂಡಲಿಗೆ ಹೋದಂತೆ ಎರೆಯ ಹೊಲಗಳು, ಕಡಿಮೆ ಮಳೆ. ಪಡುವಲಿಗೆ, ತೆಂಕಲಿಗೆ ಹೋದಂತೆ ಕೆಂಪು ಮಣ್ಣು, ಭತ್ತದ ಗದ್ದೆ, ಕಾಡು, ಜಡಿಮಳೆ. ಜುಲೈ ತಿಂಗಳ ಒಂದೇ ದಿನ ಬೈಲಹೊಂಗಲದಲ್ಲಿ ಬಿಸಿಲು, ಬೆಳಗಾವಿಯಲ್ಲಿ ಜಿಟಿಜಿಟಿ, ಖಾನಾಪುರದಾಚೆ ಹೊರಗೆ ಕಾಲಿಡದಂಥ ಮಳೆ ಇರಬಹುದು. ನಗರಕ್ಕೆಂದು ತಂದ ಬಟ್ಟೆ, ಚಪ್ಪಲಿ, ಕೊಡೆ ಖಾನಾಪುರದ ಕಾಡಿಗೆ ಸಾಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬರುವವರು ಮೈತುಂಬ ಮುಚ್ಚುವ ರೇನ್‌ಕೋಟು, ನೆಲ ಕಚ್ಚಿ ಹಿಡಿಯುವ ಬೂಟು, ಒಂದು ಜೊತೆ ಹೆಚ್ಚಿನ ಬಟ್ಟೆ ತರಬೇಕು. ಗಾಳಿಮಳೆಯಲ್ಲಿ ಕೊಡೆ ತಿರುವುಮುರುವಾಗುತ್ತದೆ. ನಮ್ಮ ರೈತರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತ ಬಂದದ್ದು ಸುಮ್ಮನೆ ಅಲ್ಲ.

ಇನ್ನು ಬರುವ ದಾರಿ. ಬೆಂಗಳೂರಿನಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ಹಳೆಯ ಪರಿಚಯದ ಗಾಡಿ. 2025ರ ಆಗಸ್ಟ್ 10ರಿಂದ ಹಗಲು ಹೊತ್ತಿನ ವಂದೇ ಭಾರತ್ ಗಾಡಿಯೂ ಬಂದಿದೆ. ಹುಬ್ಬಳ್ಳಿ-ಧಾರವಾಡದವರು ಕಿತ್ತೂರಿನ ಮೇಲೆ ಬಸ್ಸಿನಲ್ಲಿ ಬಂದರೆ ಬೇಗ ಮುಟ್ಟುತ್ತಾರೆ. ರೈಲು ಅಳ್ನಾವರ, ಲೋಂಡಾ, ಖಾನಾಪುರ ಸುತ್ತಿಕೊಂಡು ಬರುವುದರಿಂದ ಹೊತ್ತು ಹಿಡಿಯುತ್ತದೆ. ಆದರೆ ಕಿಟಕಿಯ ಬದಿಗೆ ಕುಳಿತವರಿಗೆ ಕಾಡು ನೋಡುವ ಭಾಗ್ಯ. ವಿಮಾನದವರು ಇಳಿಯುವುದು ಊರ ಮೂಡಲಿನ ಸಾಂಬ್ರಾದಲ್ಲಿ. ರೈಲು ನಿಲ್ದಾಣವೂ ಕೇಂದ್ರ ಬಸ್ ನಿಲ್ದಾಣವೂ ಒಂದಕ್ಕೊಂದು ಪಕ್ಕದಲ್ಲಿಲ್ಲ. ಸಾಮಾನು ಇದ್ದವರು ನಡೆಯುವ ಸಾಹಸ ಮಾಡದೆ ಆಟೋ ಹಿಡಿಯಬೇಕು; ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಂಡರೆ ಇಳಿಯುವಾಗ ಮನಸ್ಸು ಕಹಿಯಾಗುವುದಿಲ್ಲ.

ಇಳಿದುಕೊಳ್ಳುವ ವ್ಯವಸ್ಥೆಯ ಬಗ್ಗೆ ಒಂದು ಎಚ್ಚರಿಕೆ. 2012ರ ಅಕ್ಟೋಬರ್ 11ರಂದು ಹಲಗಾದ ಬಳಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ವಿಧಾನಮಂಡಲದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಅಲ್ಲಿ ಕೂಡುತ್ತದೆ. ಆಗ ಶಾಸಕರು, ಅಧಿಕಾರಿಗಳು, ಪೊಲೀಸರು, ಅಹವಾಲು ಹೊತ್ತು ಬಂದವರು ಎಲ್ಲರೂ ಸೇರಿ ಊರಿನ ವಸತಿಗೃಹಗಳು ತುಂಬಿಹೋಗುತ್ತವೆ. ಗಣೇಶ ವಿಸರ್ಜನೆಯ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನವೂ ಮುಂದುವರಿಯುವುದು ಇಲ್ಲಿಯ ರೂಢಿ. ನವೆಂಬರ್ 1ರ ರಾಜ್ಯೋತ್ಸವದಂದು ಚೆನ್ನಮ್ಮ ವೃತ್ತದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಈ ಸಡಗರ ನೋಡಲೆಂದೇ ಬರುವವರು ಸಂತೋಷದಿಂದ ಬನ್ನಿರಿ, ಕೋಣೆ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿರಿ. ವೈದ್ಯರನ್ನು ಕಾಣಲೆಂದೋ ಮಕ್ಕಳನ್ನು ಕಾಲೇಜಿಗೆ ಸೇರಿಸಲೆಂದೋ ಬರುವವರು ಆ ದಿನಗಳನ್ನು ಬಿಟ್ಟು ಬರುವುದು ಮೇಲು.

ನಗರಕ್ಕೆ ಒಂದು ದಿನ ಕೊಡಿರಿ. ಬೆಳಿಗ್ಗೆ ಮೊದಲು ಕೋಟೆಗೆ ಹೋಗಬೇಕು. ಅಗಳು ದಾಟಿ ಒಳಗೆ ಹೋದರೆ, ರಟ್ಟರ ಕಾಲದಲ್ಲಿ 1204ರಲ್ಲಿ ಬೀಚಿರಾಜನು ಕಟ್ಟಿಸಿದ ಕಮಲ ಬಸದಿ ಇದೆ. ಛಾವಣಿಯಿಂದ ಕೆಳಮುಖವಾಗಿ ಅರಳಿ ತೂಗುವ ಕಲ್ಲಿನ ಕಮಲವನ್ನು ನಿಧಾನವಾಗಿ ತಲೆಯೆತ್ತಿ ನೋಡಬೇಕು. ಅವಸರದವರಿಗೆ ಅದು ಬರಿಯ ಕಲ್ಲು. ಅದೇ ಕೋಟೆಯೊಳಗೆ ದುರ್ಗಾದೇವಿಯ ಗುಡಿ, ಬಿಜಾಪುರದ ಆದಿಲ್‌ಶಾಹಿ ಕಾಲದ ಸಫಾ ಮಸೀದಿ, 1892ರಲ್ಲಿ ಬೆಳಗಾವಿಗೆ ಬಂದಿದ್ದ ಸ್ವಾಮಿ ವಿವೇಕಾನಂದರನ್ನು ನೆನಪಿಸುವ ರಾಮಕೃಷ್ಣ ಆಶ್ರಮ ಇವೆ. ಕೋಟೆಯ ಕೆಲವು ಭಾಗವೂ ಕ್ಯಾಂಪಿನ ಬಹುಭಾಗವೂ ಸೈನ್ಯದ ವಶದಲ್ಲಿದೆ. ಎಲ್ಲೆಂದರಲ್ಲಿ ಫೋಟೋ ತೆಗೆಯುವ ಮೊದಲು ಅಲ್ಲಿದ್ದವರನ್ನು ಕೇಳಿರಿ.

ಮಧ್ಯಾಹ್ನದ ಮೇಲೆ ತಿಲಕವಾಡಿಗೆ ಹೋಗಬಹುದು. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಅಲ್ಲಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಇದೊಂದೇ. ಸಾವಿರಾರು ಜನಕ್ಕೆ ನೀರು ಬೇಕಲ್ಲವೇ? ಅದಕ್ಕೆಂದು ತೋಡಿಸಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಊರವರು ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಪಕ್ಕದ ವೀರಸೌಧದಲ್ಲಿ ಆ ದಿನಗಳ ಚಿತ್ರಗಳನ್ನು ನೋಡಬಹುದು. ಸಂಜೆ ಖಡೇಬಜಾರು, ಗಣಪತಗಲ್ಲಿ, ಮಾರುತಿಗಲ್ಲಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಬೇಕು. ಆ ಗಲ್ಲಿಗಳಿಗೆ ಮೋಟಾರು ಒಯ್ದವರು ಅಂಗಡಿ ನೋಡುವುದಿಲ್ಲ, ಮುಂದಿನ ಮೋಟಾರಿನ ಬೆನ್ನು ನೋಡುತ್ತಾರೆ. ಸೀರೆ ಬೇಕಾದ ಹೆಣ್ಣುಮಕ್ಕಳು ನೇಕಾರರ ಶಹಾಪುರವನ್ನು ಮರೆಯಬಾರದು. ಮನೆಗೆ ಒಯ್ಯಲು ಕುಂದಾ ಇದ್ದೇ ಇದೆ. ಹಾಲಿನ ಪದಾರ್ಥವಾದ್ದರಿಂದ ಎಷ್ಟು ದಿನ ಇರುತ್ತದೆಂದು ಅಂಗಡಿಯವನನ್ನೇ ಕೇಳಿ, ಅಷ್ಟರ ಮಟ್ಟಿಗೆ ಕೊಳ್ಳಿರಿ. ಮಂಡಿಗೆ ಸಿಕ್ಕರೆ ಮಾತ್ರ ಅಲ್ಲಿಯೇ ತಿನ್ನಿರಿ. ಆ ಕಾಗದದಂಥ ಪದರಗಳು ಬಸ್ಸಿನ ಕುಲುಕಾಟಕ್ಕೆ ಉಳಿಯುವುದಿಲ್ಲ.

ಭಾಷೆಯ ವಿಚಾರ ಕೇಳುವವರೂ ಇದ್ದಾರೆ. ಈ ಊರಿನ ಬಾಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲ ಇವೆ. ಒಂದೇ ಅಂಗಡಿಯಲ್ಲಿ ಮೂರು ಭಾಷೆಗಳಲ್ಲಿ ವ್ಯಾಪಾರ ನಡೆಯುವುದು ಅಪರೂಪವಲ್ಲ. ನೀವು ಕನ್ನಡದಲ್ಲೇ ಮಾತಾಡಿರಿ; ಕೊನೆಗೊಂದು ‘ರೀ’ ಹಚ್ಚಿದರೆ ಅರ್ಧ ಕೆಲಸ ಆದಂತೆ. ಎದುರಿನವರಿಗೆ ಮರಾಠಿ ಹೆಚ್ಚು ಸಲೀಸಾಗಿದ್ದರೆ ಎರಡು ಮಾತು ಕಲಿತುಕೊಂಡು ಆಡುವುದರಲ್ಲಿ ನಷ್ಟವೇನೂ ಇಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಂದಿನಿಂದ ಗಡಿಯ ವಾದ ಒಮ್ಮೊಮ್ಮೆ ಕಾವೇರುತ್ತದೆ. ಅಂಥ ದಿನಗಳಲ್ಲಿ ಕೊಲ್ಹಾಪುರದ ಕಡೆಯ ಬಸ್ಸುಗಳು ಗಡಿಯಲ್ಲೇ ನಿಲ್ಲುವುದುಂಟು. ಮುಂದಿನ ಪ್ರಯಾಣ ಆ ಕಡೆಗಿದ್ದರೆ ಹೊರಡುವ ಮೊದಲು ನಿಲ್ದಾಣದಲ್ಲಿ ವಿಚಾರಿಸಿರಿ. ವಾದವನ್ನು ಮಾತ್ರ ಆಟೋದಲ್ಲಿ ಕೂತು ಬಗೆಹರಿಸಲು ಹೋಗಬೇಡಿರಿ.

ಎರಡನೆಯ ದಿನ ಖಾನಾಪುರಕ್ಕೆ. ಬೆಳಗಾವಿಯಿಂದ ತೆಂಕಲಿಗೆ ಸುಮಾರು 26 ಕಿಲೋಮೀಟರು, ಬಸ್ಸುಗಳಿಗೆ ಕೊರತೆಯಿಲ್ಲ. ಮಲಪ್ರಭೆಯ ದಂಡೆಯ ಈ ಊರು ಹೆಂಚಿಗೂ ಮಣ್ಣಿನ ಪಾತ್ರೆಗೂ ಹೆಸರಾದದ್ದು ಇಲ್ಲಿಯ ಜೇಡಿಮಣ್ಣಿನಿಂದ. ಆದರೆ ಖಾನಾಪುರದಿಂದ ಒಳನಾಡಿಗೆ ಹೋಗುವ ಬಸ್ಸುಗಳು ವಿರಳ. ಹೋಗುವ ಬಸ್ಸಿನಿಂದ ಇಳಿಯುವಾಗಲೇ, ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿಕೊಳ್ಳುವುದು ಜಾಣತನ. ಬುತ್ತಿಯನ್ನೂ ಕುದಿಸಿ ಆರಿಸಿದ ನೀರನ್ನೂ ಕಟ್ಟಿಕೊಂಡು ಹೋಗಿರಿ.

ನಂದಗಡಕ್ಕೆ ತಪ್ಪದೆ ಹೋಗಬೇಕು. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿ. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಅಲ್ಲಿಂದ ಮುಂದೆ ಹಲಸಿ. ಬನವಾಸಿಯ ಕದಂಬರಿಗೆ ಅದು ಪಲಾಶಿಕಾ ಎಂಬ ಎರಡನೆಯ ರಾಜಧಾನಿ. ಅವರ ತಾಮ್ರಶಾಸನಗಳು ದೊರೆತ ಊರು. ಅನಂತರ ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಎದ್ದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ: ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ವರಾಹ. ಇಷ್ಟು ದೊಡ್ಡ ಇತಿಹಾಸದ ಊರಿನಲ್ಲಿ ಇಂದು ಹಳ್ಳಿಯ ನಿಶ್ಶಬ್ದವಿದೆ.

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಇನ್ನು ಹೇಳುವುದು ಪ್ರಾಣದ ಮಾತು.

ಮಳೆಗಾಲದಲ್ಲಿ ನಮ್ಮ ಕಡೆಗೆ ಬರುವವರಲ್ಲಿ ಹೆಚ್ಚಿನವರು ನೀರು ನೋಡಲು ಬರುತ್ತಾರೆ. ಖಾನಾಪುರ ತಾಲೂಕು ನೀರಿನ ತವರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ದೇಗಾಂವದ ಕಡೆ ಹುಟ್ಟಿದ ಮಹದಾಯಿ ಪಡುವಲಿಗಿಳಿದು ಗೋವೆಯಲ್ಲಿ ಮಾಂಡೋವಿಯಾಗಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತಾಳೆ. ಈ ನೀರು ನೋಡಲು ಚೆಂದ, ನಂಬಲು ಅಲ್ಲ. ಅಸೋಗಾದ ರಾಮಲಿಂಗೇಶ್ವರನ ಮುಂದೆ ನೀವು ಕಲ್ಲಿನ ಮೇಲೆ ಕುಳಿತಿದ್ದೀರೆನ್ನಿ. ನಿಮ್ಮ ತಲೆಯ ಮೇಲೆ ಬಿಸಿಲು. ಆದರೆ ಮೇಲೆ ಕಣಕುಂಬಿಯಲ್ಲಿ, ಜಾಂಬೋಟಿಯಲ್ಲಿ ಮಳೆ ಸುರಿದಿರುತ್ತದೆ. ಆ ನೀರು ಹೇಳಿ ಕೇಳಿ ಬರುವುದಿಲ್ಲ. ತಿಳಿಯಾಗಿದ್ದ ಹೊಳೆ ಕೆಂಪಗೆ ಕದಡಿ, ಕಸಕಡ್ಡಿ ತೇಲಿ ಬರತೊಡಗಿದರೆ ಒಂದು ಕ್ಷಣವೂ ನಿಲ್ಲದೆ ದಂಡೆ ಹತ್ತಬೇಕು. ಬಿಟ್ಟ ಚಪ್ಪಲಿಗಾಗಿ ಹಿಂದಿರುಗಬಾರದು.

ಮಳೆಗಾಲ ಮುಗಿದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. 2022ರ ನವೆಂಬರಿನಲ್ಲಿ, ಮಳೆ ನಿಂತು ವಾರಗಳಾದ ಮೇಲೆ, ಬೆಳಗಾವಿಯಿಂದ ವಿಹಾರಕ್ಕೆ ಹೋಗಿದ್ದ ನಾಲ್ವರು ಹುಡುಗಿಯರು ಗಡಿಯಾಚೆಯ ಕಿತವಾಡ ಜಲಪಾತದಲ್ಲಿ ಮುಳುಗಿ ತೀರಿಕೊಂಡರು. ಪಾಚಿ ಹಿಡಿದ ಬಂಡೆಗೆ ಋತುವಿನ ಭೇದವಿಲ್ಲ. ಸೆಲ್ಫಿ ತೆಗೆದುಕೊಳ್ಳುವವನ ಕಣ್ಣು ಮೊಬೈಲಿನ ಮೇಲಿರುತ್ತದೆ. ಕಾಲು ಎಲ್ಲಿದೆಯೆಂದು ನೋಡುವವರು ಯಾರು?

ಇನ್ನೊಂದು ಹುಚ್ಚು ದೂಧಸಾಗರದ್ದು. ಜಲಪಾತ ಇರುವುದು ಗೋವೆಯ ಕಾಡಿನಲ್ಲಿ. ಆದರೆ ಲೋಂಡಾದ ಮೇಲೆ ರೈಲಿನಲ್ಲಿ ಹೋಗಿ ಹಳಿಯ ಗುಂಟ ನಡೆಯುವವರು ಬಹಳ. ಸುರಂಗಗಳಿರುವ ಆ ಘಟ್ಟದ ದಾರಿಯಲ್ಲಿ ಗಾಡಿ ಬಂದರೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ಹಳಿಯ ಮೇಲೆ ನಡೆಯುವುದು ಕಾನೂನಿನ ಪ್ರಕಾರ ಅಪರಾಧ. 2023ರ ಜುಲೈಯಲ್ಲಿ ಹೀಗೆ ಹೋದ ನೂರಾರು ಜನರನ್ನು ಪೊಲೀಸರು ತಡೆದು, ಕೆಲವರಿಂದ ಬಸ್ಕಿ ಹೊಡೆಸಿದ ಸುದ್ದಿ ಎಲ್ಲರೂ ಕೇಳಿದ್ದೇ. ಗಾಡಿಯ ಕಿಟಕಿಯಿಂದ ಕಾಣುವಷ್ಟು ಜಲಪಾತ ಸಾಕೆಂದುಕೊಳ್ಳಬೇಕು.

ಜಾಂಬೋಟಿ, ಕಣಕುಂಬಿ, ಚೋರ್ಲಾದ ಮೇಲೆ ಗೋವೆಗೆ ಹೋಗುವವರು ಘಟ್ಟವನ್ನು ಬೆಳಕಿದ್ದಾಗಲೇ ದಾಟಿರಿ. ಮಳೆಗಾಲದ ಮಂಜಿನಲ್ಲಿ ಮುಂದಿನ ತಿರುವು ಕಾಣುವುದಿಲ್ಲ. ಮಣ್ಣು ಜರಿದಿದ್ದರೂ ಗೊತ್ತಾಗುವುದಿಲ್ಲ. 2011ರ ಡಿಸೆಂಬರಿನಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಕಾಡು ಸುಮಾರು 190 ಚದರ ಕಿಲೋಮೀಟರಿನದು. ಕರಡಿ, ಕಾಡುಕೋಣಗಳ ಜೊತೆಗೆ, ಬಹುಕಾಲ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದು ತಿಳಿದಿದ್ದ ಅಪರೂಪದ ಬಾವಲಿಯೂ ಬಾರಾಪೇಡೆಯ ಗುಹೆಗಳಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ಮಳೆಗಾಲದಲ್ಲಿ ಜಲಪಾತಗಳ ದಾರಿಯನ್ನೂ ಇಲಾಖೆಯವರು ಮುಚ್ಚುವುದುಂಟು. ಕಾಡಿನೊಳಗೆ ಮೊಬೈಲಿಗೆ ಜೀವವಿರುವುದಿಲ್ಲ. 108ಕ್ಕೋ 112ಕ್ಕೋ ಕರೆಮಾಡಿದರಾಯಿತು ಎಂಬ ಧೈರ್ಯ ಅಲ್ಲಿ ನಡೆಯದು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಇಳಿದುಕೊಂಡ ಕಡೆ ಹೇಳಿ ಹೋಗಿರಿ.

ಆ ಕಾಡಿನ ನಡುವೆ ಹಳ್ಳಿಗಳೂ ಇವೆ ಎಂಬುದನ್ನು ಮರೆಯಬಾರದು. ನಾವು ನೋಡಿ ಹಿಗ್ಗುವ ಮಳೆ ಅವರ ದಾರಿಯನ್ನು ಕತ್ತರಿಸುವ ಮಳೆ. 2024ರ ಜುಲೈಯಲ್ಲಿ ಅಮಗಾಂವದಲ್ಲಿ ಕಾಯಿಲೆ ಬಿದ್ದ ಒಬ್ಬ ಹೆಣ್ಣುಮಗಳನ್ನು ಊರ ಜನ ಕಟ್ಟಿಗೆಯ ಡೋಲಿಯ ಮೇಲಿಟ್ಟು, ಮಳೆಯಲ್ಲಿ ಹೆಗಲುಕೊಟ್ಟು ಹೊತ್ತು ತರಬೇಕಾಯಿತು. ಅಂಥ ದಾರಿಯಲ್ಲಿ ನಮ್ಮ ಮೋಟಾರು ಕೆಸರಿನಲ್ಲಿ ಹೂತರೆ ನೂಕಲು ಬರುವವರೂ ಅವರೇ. ಹೊಳೆಗೆ ಬಿದ್ದವರನ್ನು ಹುಡುಕಲು ಹಗ್ಗ ಹಿಡಿದು ನೀರಿಗಿಳಿಯುವವರೂ ಹತ್ತಿರದ ಊರಿನವರೇ. ನಮ್ಮ ವಿನೋದಕ್ಕಾಗಿ ಇನ್ನೊಬ್ಬರ ಮನೆಯ ಮಗನನ್ನು ಪ್ರವಾಹಕ್ಕೆ ಇಳಿಸುವ ಹಕ್ಕು ನಮಗಿಲ್ಲ.

ಹಾಗಾದರೆ ಬರಲೇಬಾರದೇ ಎಂದು ಕೇಳೀರಿ. ಅಗತ್ಯವಾಗಿ ಬನ್ನಿರಿ. ಕೆಂಪು ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳಲು, ನಾಟಿಯ ಗದ್ದೆಗಳ ಹಸುರು ನೋಡಲು ಜುಲೈಯಲ್ಲಿ ಬನ್ನಿರಿ. ಮಕ್ಕಳು, ಮುದುಕರು ಜೊತೆಗಿದ್ದರೆ ಅಕ್ಟೋಬರ್ ಕಳೆದ ಮೇಲೆ ಬನ್ನಿರಿ. ದಾರಿ ಒಣಗಿರುತ್ತದೆ, ಹವೆ ಹಿತವಾಗಿರುತ್ತದೆ. ಯಾವಾಗ ಬಂದರೂ ಒಂದು ಅಭ್ಯಾಸ ಇಟ್ಟುಕೊಳ್ಳಿರಿ. ನಮ್ಮಲ್ಲಿ ಮುಗಿಲು ನೋಡಿದರೆ ಸಾಲದು, ಊರವರನ್ನು ಕೇಳಬೇಕು. ಚಹದ ಅಂಗಡಿಯವನನ್ನು, ದನ ಹೊಡೆದುಕೊಂಡು ಹೋಗುವ ಅಜ್ಜನನ್ನು, ಅರಣ್ಯದ ಕಾವಲುಗಾರನನ್ನು ಕೇಳಿರಿ. ‘ಇವತ್ತ ಬ್ಯಾಡ್ರಿ’ ಎಂದು ಅವರು ಹೇಳಿದರೆ, ದೂರದಿಂದ ಬಂದಿದ್ದೇವೆ ಎಂದು ವಾದಿಸದೆ ಹಿಂದಿರುಗಿರಿ. ಹೊಳೆ ಮುಂದಿನ ವರ್ಷವೂ ಹರಿಯುತ್ತದೆ. ನೋಡಲು ನೀವೂ ಇರಬೇಕು.