ಹಣ್ಣಿಗೊಂದು ತೆಳು ಅಂಗಿ
(ಸಂಘದ ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಅರಸೀಕೆರೆ ಸೀಮೆಯವರಾದ ನಾವು ತೆಂಗಿನಕಾಯಿಗೆ ಬೆಲೆ ಬಿದ್ದರೆ ಅಟ್ಟಕ್ಕೆ ಹಾಕ್ತೀವಿ. ವರುಷೊಪ್ಪತ್ತಿಗೆ ಅದು ಉಂಡೆ ಕೊಬ್ಬರಿಯಾಗುತ್ತೆ, ಧಾರಣೆ ನೋಡಿಕೊಂಡು ಮಾರ್ತೀವಿ. ಆದರೆ ಬೇಲೂರು ಕಡೆಯ ಕಾಫಿ ತೋಟದ ಕಿತ್ತಳೆಗೆ, ಹಳೇಬೀಡು ಕಡೆಯ ಬಾಳೆಗೆ, ನಮ್ಮ ಮಾವು ಸಪೋಟಕ್ಕೆ ಆ ಭಾಗ್ಯವಿಲ್ಲ. ಕಿತ್ತ ಹಣ್ಣು ಕಾಯೋದಿಲ್ಲ ಅನ್ನೋದು ವ್ಯಾಪಾರಿಗೂ ಗೊತ್ತು. ಹಾಗಾಗಿ ಅವನು ಹೇಳಿದ್ದೇ ಬೆಲೆ. ನಾಲ್ಕು ದಿನ ಹೆಚ್ಚಿಗೆ ಸಿಕ್ಕಿದರೂ ನಾವು ಚೌಕಾಸಿ ಮಾಡಬಹುದು.

ಶೀತಗೃಹ ಇದ್ದರೆ ಸಾಕು ಅಂತ ಕೆಲವರು ಹೇಳ್ತಾರೆ. ಆದರೆ ಬಾಳೆಯನ್ನು 13 ಡಿಗ್ರಿಗಿಂತ ತಣ್ಣಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತೆ. ಮಾವಿಗೂ ಅತಿ ಚಳಿ ಆಗೋದಿಲ್ಲ. ನಮ್ಮಂಥ ಬಿಸಿಲು ನಾಡಿನ ಹಣ್ಣಿಗೆ ಬೇರೆ ಉಪಾಯವೂ ಬೇಕು.

ಕಿತ್ತ ಮೇಲೂ ಹಣ್ಣು ಉಸಿರಾಡುತ್ತೆ, ಬೆವರುತ್ತೆ. ನೀರು ಆರಿದಷ್ಟೂ ತೂಕ ಕಡಿಮೆ, ತೂಕ ಹೋದಷ್ಟೂ ದುಡ್ಡು ಕಡಿಮೆ. ಸಿಪ್ಪೆಯ ಮೇಲೆ ದೇವರು ಕೊಟ್ಟ ಮೇಣದ ಪದರವಿದೆ. ತೊಳೆದು ಉಜ್ಜಿದರೆ ಅದೂ ಹೋಗುತ್ತೆ. ಅದರ ಬದಲಿಗೆ ತಿನ್ನಲು ಯೋಗ್ಯವಾದ ಮೇಣವನ್ನು ನೀರಿನಲ್ಲಿ ನುಣ್ಣಗೆ ಬೆರೆಸಿ, ಹಣ್ಣನ್ನು ಅದರಲ್ಲಿ ಅದ್ದಿ ಆರಿಸುವುದೇ ಲೇಪನ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಇಂಥ ಮೇಣದ ದ್ರಾವಣವನ್ನು ರೂಪಿಸಿದೆ. ಚೀನಾದವರಂತೂ ಶತಮಾನಗಳ ಹಿಂದೆಯೇ ಕಿತ್ತಳೆಗೆ ಮೇಣ ಹಚ್ಚುತ್ತಿದ್ದರು.

ಲೇಪನ ತೆಳುವಾಗಿರಬೇಕು. ದಪ್ಪವಾದರೆ ಹಣ್ಣಿಗೆ ಉಸಿರು ಕಟ್ಟಿ ಒಳಗೇ ಹುಳಿತು ಹೆಂಡದ ವಾಸನೆ ಬರುತ್ತೆ. ಬಾಳೆ, ಮಾವುಗಳನ್ನು ಬಲಿತ ಕಾಯಿ ಇರುವಾಗಲೇ ಅದ್ದಬೇಕು, ಹಣ್ಣಾದ ಮೇಲೆ ಅದ್ದಿ ಹೆಚ್ಚು ಲಾಭವಿಲ್ಲ. ಬಿದ್ದು ಗಾಯವಾದ ಕಾಯಿಗೆ ಯಾವ ಅಂಗಿ ತೊಡಿಸಿದರೂ ಕೊಳೆಯೋದು ಕೊಳೆತೇ ಕೊಳೆಯುತ್ತೆ. ಮೇಣದಬತ್ತಿ ಕರಗಿಸಿ ಹಚ್ಚುವ ಸಾಹಸ ಯಾರೂ ಮಾಡಬೇಡಿ! ಕಾನೂನಿನಲ್ಲಿ ತಾಜಾ ಹಣ್ಣಿಗೆ ಒಪ್ಪಿಗೆ ಇರುವುದು ಜೇನುಮೇಣ, ಕಾರ್ನಾಬಾ ಎಂಬ ಬ್ರೆಜಿಲ್ ತಾಳೆಯ ಎಲೆಮೇಣ, ಅರಗಿನ ಮೇಣ ಇಂಥವಕ್ಕೆ. ಲೇಪಿಸಿದ್ದೇವೆ ಅಂತ ಚೀಟಿಯಲ್ಲಿ ಬರೆಯಲೂ ಬೇಕು. ಕೈಟೋಸಾನ್ ಎಂಬ ಲೇಪನದ ಹೆಸರೂ ಈಗ ಕೇಳಿಬರುತ್ತಿದೆ. ಅದನ್ನು ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೀತಾರೆ. ಮಡಿವಂತರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೇದು.

ಮನೆಗೊಬ್ಬರು ಡಬ್ಬ ಕೊಂಡು ಪ್ರಯೋಗ ಮಾಡುವ ಕೆಲಸ ಇದಲ್ಲ, ಸಂಘ ಮಾಡಬೇಕು. ಒಂದೇ ತೋಟದ, ಒಂದೇ ದಿನ ಕಿತ್ತ ಹಣ್ಣಿನಲ್ಲಿ ಐದು ಕ್ರೇಟು ಅದ್ದಿ, ಐದು ಹಾಗೇ ಬಿಟ್ಟು, ಗೋದಾಮಿನ ನೆರಳಲ್ಲಿ ಇಡೋಣ. ದಿನಾ ತೂಗಿ ಪುಸ್ತಕದಲ್ಲಿ ಬರೆಯೋಣ. ಮೇಣದ ಖರ್ಚು, ಆಳಿನ ಕೂಲಿ, ಉಳಿದ ತೂಕ ಎಲ್ಲವನ್ನೂ ಮುಂದಿನ ಮಹಾಸಭೆಯಲ್ಲಿ ಓದಿ ಹೇಳೋಣ. ಗಿಟ್ಟಿದರೆ ಮುಂದುವರಿಸೋಣ, ಗಿಟ್ಟದಿದ್ದರೆ ಅಲ್ಲಿಗೇ ಬಿಡೋಣ.